ಹನ್ನೆರಡು ಎಲೆ ಹಾಕಿದ ಮಧ್ಯಾಹ್ನ

ಹಂಗಳ ದಾಟಿ ಬಂಡೀಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಈಚೆಗೆ ಒಂದು ಹೋಟೆಲ್ ಆಗಿದೆ. ಅದರೊಳಗೆ ಒಂದೊಂದು ಕೋಣೆ ಒಂದೊಂದು ಸೀಮೆ. ಒಂದು ಹಳ್ಳಿ ಮನೆಯ ಪಡಸಾಲೆಯಂತಿದೆ, ಇನ್ನೊಂದು ಮಲೆಯಾಳದ ಮನೆಯಂತಿದೆ, ಮತ್ತೊಂದು ಇಂಗ್ಲಿಷರ ಕಾಲದ ಬಂಗಲೆಯಂತಿದೆ. ಹೋದ ವರ್ಷ ಮಗಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಬಂಗಲೆಯ ಕೋಣೆಯಲ್ಲಿ ಕೂತೆವು. ಬಿಳಿ ಕೋಟು ಹಾಕಿದ್ದ ಹುಡುಗಿಯೊಬ್ಬಳು ತಟ್ಟೆಯ ಎಡಕ್ಕೆ ಚಾಕು, ಬಲಕ್ಕೆ ಮುಳ್ಳುಚಮಚ ಇಟ್ಟು ಹೋದಳು. ನನ್ನ ಕೈ ತಾನಾಗಿಯೇ ಅವೆರಡನ್ನೂ ಅದಲುಬದಲು ಮಾಡಿತು. ಅವಳು ವಾಪಸು ಬಂದವಳು ಅದನ್ನು ನೋಡಿ, "ತಾತ, ನೀವೂ ಈ ಲೈನಲ್ಲಿ ಇದ್ರಾ? ಯಾವ ಹೋಟೆಲಲ್ಲಿ?" ಎಂದು ಕೇಳಿದಳು. ಗುಂಡ್ಲುಪೇಟೆಯ ಮುಸಾಫರಿ ಬಂಗಲೆಯಲ್ಲಿ ಇದ್ದೆ ಎಂದೆ. "ಹೇಗಿತ್ತು ತಾತ ಆವಾಗ? ಚೆನ್ನಾಗಿತ್ತಾ?" ಎಂದಳು. ಪಕ್ಕದ ಮೇಜಿನವರು ಅವಳನ್ನು ಕರೆದರು. ಅವಳು ಆ ಕಡೆ ಹೋದಳು.

ಅವಳಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡಿಸುವ ಕೆಲಸಕ್ಕೆ ಬರುವ ಬೇರೆಯವರೂ ಓದಬಹುದು. ನಾನು ಯಾವಾಗ ಖಾಯಂ ಆದೆ, ಸಂಬಳ ಎಷ್ಟಾಯಿತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಇದರಲ್ಲಿ ಇಲ್ಲ. ಅವು ಯಾರಿಗೂ ಉಪಯೋಗಕ್ಕೆ ಬರುವ ಸಂಗತಿಗಳಲ್ಲ.

ನಾನು ಕುದೇರಿನವನು. ಲಿಂಗಾಯತರ ಮನೆ. ಅಪ್ಪ ತೀರಿಕೊಂಡ ಮೇಲೆ ಇದ್ದ ಹೊಲ ಅಣ್ಣನೊಬ್ಬನಿಗೆ ಸಾಕಾಗುವಷ್ಟಿತ್ತು. ಐವತ್ತರ ದಶಕದ ಮೊದಲ ವರ್ಷಗಳು. ನಮ್ಮೂರಿನ ಕಡೆಯವರೇ ಆದ ರಸ್ತೆ ಮೇಸ್ತ್ರಿಯೊಬ್ಬರು ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಬಂಗಲೆಗೆ ನೀರು ಹೊರಲು ಆಳು ಬೇಕೆಂದು ಹೇಳಿ ನನ್ನನ್ನು ಸೇರಿಸಿದರು. ಬಾವಿಯಿಂದ ನೀರು ಸೇದಿ ಹಂಡೆ ತುಂಬುವುದು, ಸೌದೆ ಒಡೆಯುವುದು, ಅಂಗಳ ಗುಡಿಸುವುದು. ಆಗ ನನಗೆ ಇಪ್ಪತ್ತು ತುಂಬಿತ್ತು.

ಅಡುಗೆಮನೆಯ ಯಜಮಾನ ಅಂತೋಣಿ ಬಟ್ಲರ್. ತಮಿಳಿನ ಕ್ರಿಸ್ತಾನ. ನೀಲಗಿರಿಯ ಮೇಲೆ ಟೀ ತೋಟದ ದೊರೆಗಳ ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ, ದೊರೆಗಳು ಒಬ್ಬೊಬ್ಬರೇ ಸೀಮೆಗೆ ಹೊರಟಾಗ ಕೆಳಗಿಳಿದು ಬಂದವರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಬಿಳಿ ಕೋಟನ್ನು ಗಂಜಿ ಹಾಕಿ ತಾವೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ಹೆಂಡತಿ ಮಕ್ಕಳು ಯಾರೂ ಇರಲಿಲ್ಲ. ಒಂದು ದಿನ ನಾನು ಹಿತ್ತಲಲ್ಲಿ ಕೂತು ಮುದ್ದೆ ಉಣ್ಣುವುದನ್ನು ನೋಡಿದವರು, "ತಂಬಿ, ನಿನ್ನ ಕೈ ನೀಟಾಗಿದೆ. ಒಳಗೆ ಬಾ, ಕೆಲಸ ಕಲಿಸ್ತೀನಿ" ಎಂದರು. ಹಾಗೆ ನೀರಿನವನು ಅಡುಗೆಮನೆಗೆ ಬಂದೆ.

ಅವರು ಕಲಿಸಿದ ಮೊದಲ ಪಾಠ ಇದು: "ಊಟ ಮಾಡೋರ ಮುಖ ನೋಡ್ಬೇಡ ತಂಬಿ. ಮುಖ ನೋಡಿದ್ರೆ ಅವರಿಗೆ ಸಂಕೋಚ. ಕೈ ನೋಡು. ಏನು ಬೇಕು, ಏನು ಸಾಕು, ಎಲ್ಲಾ ಕೈಯಲ್ಲಿ ಗೊತ್ತಾಗುತ್ತೆ."

ಕೈ ನೋಡಿ ಕಲಿಯುವುದಕ್ಕೆ ಆ ಬಂಗಲೆಗಿಂತ ಒಳ್ಳೆಯ ಜಾಗ ಇರಲಿಲ್ಲ. ಮೈಸೂರಿನಿಂದ ಬರುವ ರಸ್ತೆ ನಮ್ಮಲ್ಲಿ ಕವಲೊಡೆದು ಒಂದು ಊಟಿಗೂ ಇನ್ನೊಂದು ಮಲೆಯಾಳಕ್ಕೂ ಹೋಗುತ್ತಿತ್ತು. ಎಲ್ಲ ಬಗೆಯವರೂ ಇಳಿಯುತ್ತಿದ್ದರು. ತೋಟದ ಇಂಗ್ಲಿಷರು ತಿಂದು ಮುಗಿಸಿದರೆ ಚಾಕು ಮತ್ತು ಮುಳ್ಳುಚಮಚವನ್ನು ಜೊತೆಯಾಗಿ ತಟ್ಟೆಯ ಮೇಲೆ ಮಲಗಿಸುತ್ತಿದ್ದರು. ಅದು ಗೊತ್ತಿಲ್ಲದೆ ನಾನು ಒಬ್ಬ ದೊರೆಸಾನಿಗೆ ಮೂರು ಸಲ ಆಲೂಗಡ್ಡೆ ಹಾಕಿದೆ. ಆಕೆ ಮರ್ಯಾದಸ್ಥೆ, ಮೂರು ಸಲವೂ 'ಥ್ಯಾಂಕ್ಯೂ' ಎಂದಳು. ಮೈಸೂರಿನ ಬ್ರಾಹ್ಮಣ ಅಧಿಕಾರಿಗಳು ತಮ್ಮ ಅಡುಗೆಯವರನ್ನೇ ಜೀಪಿನಲ್ಲಿ ತರುತ್ತಿದ್ದರು. ಎಲೆಯ ಸುತ್ತ ನೀರು ಕಟ್ಟಿ ಮಂತ್ರ ಹೇಳುವ ತನಕ ನಾವು ಆ ಕಡೆ ಸುಳಿಯಬಾರದು. ನಮ್ಮವರು ಲಿಂಗಪೂಜೆ ಆಗದೆ ತುತ್ತು ಎತ್ತುವುದಿಲ್ಲ, ಬಡಿಸಿದ್ದರಲ್ಲಿ ಒಂದಗುಳು ಬಿಡುವುದಿಲ್ಲ. ಅವರಿಗೆ ಹೆಚ್ಚು ಬಡಿಸಿದರೆ ಶಿಕ್ಷೆ ಕೊಟ್ಟ ಹಾಗೆ. ಜೈನರಿಗೆ ಹೊತ್ತು ಮುಳುಗುವ ಮುಂಚೆಯೇ ಬಡಿಸಿ ಮುಗಿಸಬೇಕು.

ಮಲೆಯಾಳದ ಮರದ ವ್ಯಾಪಾರಿಯೊಬ್ಬರು ಮೊದಲ ಸಲ ಬಂದಾಗ ಊಟಕ್ಕೆ ಕೂತು "ಚೂಡುವೆಳ್ಳಂ" ಎಂದರು. ಬಿಸಿನೀರು ಎಂದು ಅರ್ಥವಾಯಿತು. ಊಟಕ್ಕೆ ಮುಂಚೆ ಸ್ನಾನ ಮಾಡುವ ಮಡಿವಂತರು ಎಂದುಕೊಂಡು ಹಂಡೆಗೆ ಉರಿ ಹಾಕಿ, ಬಚ್ಚಲಲ್ಲಿ ಟವಲಿಟ್ಟು ಬಂದು ಕೈಮುಗಿದು ನಿಂತೆ. ಅವರು ಖಾಲಿ ಲೋಟ ಎತ್ತಿ ತೋರಿಸಿದರು. ಅವರ ಕಡೆ ಊಟದ ಜೊತೆ ಕುಡಿಯುವುದು ಬಿಸಿನೀರನ್ನೇ ಎಂದು ನನಗೆ ಹೇಗೆ ಗೊತ್ತಿರಬೇಕು? ಅಂತೋಣಿ ಅವತ್ತು ಅಡುಗೆಮನೆಯ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಇನ್ನೊಮ್ಮೆ ನೋಡಲಿಲ್ಲ.

ಅವರದ್ದು ಇನ್ನೊಂದು ಕಟ್ಟಳೆ ಇತ್ತು. ಬಡಿಸುವವನು ಅತಿಥಿಯ ಕಣ್ಣಿಗೆ ಬೀಳುವ ಹಾಗೆ ಏನನ್ನೂ ತಿನ್ನಬಾರದು, ಅವರೆದುರು ಕೂರಬಾರದು. ಎಷ್ಟೇ ಸಲಿಗೆಯ ಅತಿಥಿ ಕರೆದರೂ ಕೂರಬಾರದು. "ಇವತ್ತು ಕೂರು ಅಂತಾರೆ, ನಾಳೆ ಯಾಕೆ ಕೂತೆ ಅಂತಾರೆ" ಎನ್ನುತ್ತಿದ್ದರು. ಕ್ಲಬ್ಬಿನಲ್ಲಿ ಏನನ್ನು ನೋಡಿ ಆ ಮಾತು ಹೇಳುತ್ತಿದ್ದರೋ ನಾನು ಕೇಳಲಿಲ್ಲ.

ಕೆಲಸ ಕಲಿತೆ. ಮೊಟ್ಟೆ ಬೇಯಿಸಿದೆ, ಕೋಳಿ ಹುರಿದೆ, ಕುರಿ ಮಾಂಸದ ಕಟ್ಲೆಟ್ ಮಾಡಿದೆ. ನಾನು ತಿನ್ನಲಿಲ್ಲ. ಆದರೆ ಸುದ್ದಿ ಕುದೇರಿಗೆ ಹೋಗುವಷ್ಟರಲ್ಲಿ ನಾನು ತಿನ್ನುತ್ತೇನೆ, ಕುಡಿಯುತ್ತೇನೆ, ಕ್ರಿಸ್ತಾನರ ತಟ್ಟೆಯಲ್ಲೇ ಉಣ್ಣುತ್ತೇನೆ ಎಂದೆಲ್ಲ ಆಗಿತ್ತು.

ಅಣ್ಣನ ಮದುವೆಗೆ ಎರಡು ದಿನ ರಜೆ ಹಾಕಿ ಹೋದೆ. ಚಪ್ಪರದಲ್ಲಿ ಎಲೆ ಹಾಕಿದ್ದರು. ಎಲ್ಲರ ಜೊತೆ ಸಾಲಿನಲ್ಲಿ ಕೂರಲು ಹೋದಾಗ ದೊಡ್ಡಪ್ಪ ನನ್ನ ತೋಳು ಹಿಡಿದುಕೊಂಡರು.

"ಬ್ಯಾಡ ಕಣ್ಲಾ ಮಾದೇವ. ನೀನ್ ಕುಂತ್ರ ಮಿಕ್ಕೋರು ಎದ್ದೋಯ್ತಾರ. ಮದುವ ಮನ, ಗಲಾಟಿ ಬ್ಯಾಡ."

ಅಣ್ಣ ನೋಡಿಯೂ ನೋಡದವನಂತೆ ಬಾಸಿಂಗ ಸರಿಮಾಡಿಕೊಳ್ಳುತ್ತಿದ್ದ. ನಾನು ಕೊಟ್ಟಿಗೆಯ ಕಡೆ ಹೋಗಿ ಜಗಲಿಯ ತುದಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವ್ವ ಎಲೆ ತಂದು ನನ್ನ ಮುಂದೆ ಹಾಕಿದಳು. ಅನ್ನ ಬಡಿಸಿದಳು. ಸಾರು ಬಡಿಸುವಾಗ ಸೌಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಮೇಲಿನಿಂದ ಹುಯ್ದಳು. ಎಲೆಗಾಗಲೀ ನನಗಾಗಲೀ ತಗುಲದ ಹಾಗೆ. ಬಿಸಿ ಸಾರು ಸಿಡಿದು ನನ್ನ ಕಾಲಿನ ಮೇಲೆ ಬಿತ್ತು. ನಾನು ತಲೆ ಎತ್ತಲಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದೆ.

"ಯಾನ್ ಮಾಡನ ಕೂಸು, ನಾಕ್ ಜನ ನೋಡ್ತಾವ್ರ" ಎಂದಳು. ಮೂಗನ್ನು ಸೆರಗಿನಲ್ಲಿ ಒರೆಸಿಕೊಂಡಳು. "ಉಣ್ಣು. ಇನ್ನೊಂದೀಟು ಇಕ್ತೀನಿ."

ಆ ಹೊತ್ತಿಗೆ ಅವಳಿಗೆ ಕೆಮ್ಮು ಹಿಡಿದಿತ್ತು. ಅದು ಹೋಗುವ ಕೆಮ್ಮಲ್ಲ ಎಂದು ಚಾಮರಾಜನಗರದ ಡಾಕ್ಟರು ಅಣ್ಣನಿಗೆ ಹೇಳಿದ್ದರು. ಅವಳು ಇರುವಷ್ಟರಲ್ಲಿ ಒಂದು ಸಲ ನಮ್ಮ ಮನೆಯ ನಡುಮನೆಯಲ್ಲಿ, ಎಲ್ಲರ ಸಾಲಿನಲ್ಲಿ ಕೂತು, ಅವಳ ಕೈಯಿಂದ ಉಣ್ಣಬೇಕು ಎಂಬ ಆಸೆ ನನ್ನನ್ನು ಬಿಡದೆ ಹಿಡಿದುಕೊಂಡಿತು. ಮುಂದೆ ನಡೆದದ್ದಕ್ಕೆ ಇದನ್ನು ನೆಪವಾಗಿ ಹೇಳುತ್ತಿಲ್ಲ. ಆದರೆ ಇದನ್ನು ಹೇಳದೆ ಅದನ್ನು ಹೇಳಲಾರೆ.

ಆಮೇಲಿನ ವರ್ಷ ಚಾಮರಾಜನಗರಕ್ಕೆ ಹೊಸ ಅಧಿಕಾರಿಯೊಬ್ಬರು ಬಂದರು. ಸಿದ್ದಯ್ಯ ಎಂದು ಹೆಸರು. ಚಿಕ್ಕ ವಯಸ್ಸು, ಮೂವತ್ತು ಇರಬಹುದು. ಗುಂಡ್ಲುಪೇಟೆಗೆ ಅವರ ಮೊದಲ ಕ್ಯಾಂಪು ಎಂದು ಗೊತ್ತಾದಾಗ ಊರಿನ ದೊಡ್ಡ ವ್ಯಾಪಾರಿ ನಂಜಪ್ಪ ಸಾಹುಕಾರರು ಬಂಗಲೆಯಲ್ಲಿ ಒಂದು ಔತಣ ಇಟ್ಟುಕೊಂಡರು. ಹೊಸ ಅಧಿಕಾರಿಯ ಜೊತೆ ಊರಿನ ಹನ್ನೊಂದು ಜನ ಪ್ರಮುಖರು ಊಟಕ್ಕೆ ಕೂರುವುದು ಎಂದು ಗೊತ್ತಾಯಿತು. ಸಾಹುಕಾರರೂ ನಮ್ಮವರೇ. ಸಿದ್ದಯ್ಯ ಎಂಬ ಹೆಸರು ಕೇಳಿ ಇವರೂ ನಮ್ಮವರೇ ಎಂದುಕೊಂಡಿದ್ದರು.

ಬಂಗಲೆಯ ಪಾತ್ರೆಯಲ್ಲಿ ಅವರ್ಯಾರೂ ಉಣ್ಣುವವರಲ್ಲ. ಸಾಹುಕಾರರ ಮನೆಯಿಂದ ಪಾತ್ರೆ ಬಂತು, ಅಡುಗೆಯವನು ಬಂದ. ಹಿಂದಿನ ಹೊಂಗೆ ಮರದ ಕೆಳಗೆ ಹೊಸ ಒಲೆ ಹೂಡಿದರು. ಅಂತೋಣಿ ಆ ಕಡೆ ಹೋಗುವ ಹಾಗಿಲ್ಲ. ಬಡಿಸುವುದಕ್ಕೆ ಒಬ್ಬ ಬೇಕಿತ್ತು. ಸಾಹುಕಾರರು ಹಿಂದಿನ ದಿನವೇ ಬಂದು ನನ್ನನ್ನು ಮರದ ಹತ್ತಿರ ಕರೆದರು.

"ನಿಮ್ ದೊಡ್ಡಪ್ಪ ನಂಗ ಗೊತ್ತು ಕಣಪ್ಪ. ನಿನ್ನ ವಿಚಾರಾನೂ ಕೇಳಿವ್ನಿ. ನಾಳ ತಲಗ್ ನೀರ್ ಹುಯ್ಕಂಡು, ವಿಭೂತಿ ಹಚ್ಕಂಡು ಬಂದು ಬಡ್ಸು. ಚೆಂದಾಗ್ ನಡ್ಸಕೊಟ್ರ ಕುದೇರಿಗ್ ನಾನೇ ಹೇಳಿ ಕಳಿಸ್ತೀನಿ. ನಿನ್ನ ಸಾಲಿಗ್ ತಕತಾರ."

ನಾನು ಅವರ ಕಾಲು ಮುಟ್ಟಿದೆ.

ಮರುದಿನ ಹನ್ನೆರಡು ಗಂಟೆಗೆಲ್ಲ ಹಜಾರದಲ್ಲಿ ಮಣೆ ಹಾಕಿ ಹನ್ನೆರಡು ಎಲೆ ಹಾಕಿದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಬಗೆ ಪಲ್ಯ, ಚಿತ್ರಾನ್ನ, ಒಬ್ಬಟ್ಟು. ತುದಿ ಎಡಕ್ಕೆ ಬರುವ ಹಾಗೆ, ಎಲೆಗೂ ಎಲೆಗೂ ಒಂದೇ ಅಂತರ ಇರುವ ಹಾಗೆ ಹಾಕಿದ್ದೆ. ಅಂತೋಣಿ ಬಾಗಿಲಲ್ಲಿ ನಿಂತು ಸಾಲನ್ನು ನೋಡಿ ತಲೆಯಾಡಿಸಿದರು. ಅವರು ಹೊಗಳುತ್ತಿದ್ದದ್ದು ಅಷ್ಟೇ.

ಸಿದ್ದಯ್ಯನವರ ಜೀಪು ಬಂತು. ಸಾಹುಕಾರರೂ ಉಳಿದವರೂ ವರಾಂಡದಲ್ಲಿ ನಿಂತು ಹಾರ ಹಾಕಿದರು, ನಿಂಬೆಹಣ್ಣು ಕೊಟ್ಟರು. ಆದರೆ ಅಷ್ಟರಲ್ಲಿ ಏನೋ ಆಗಿತ್ತು. ಅಧಿಕಾರಿಗಳ ಜೊತೆ ಬಂದಿದ್ದ ಗುಮಾಸ್ತನೊಬ್ಬ ಸಾಹುಕಾರರ ಕಿವಿಯಲ್ಲಿ ಮಾತಾಡಿದ್ದನ್ನು ನಾನು ನೋಡಿದ್ದೆ. ಸಾಹುಕಾರರ ಮುಖ ಇಳಿದಿತ್ತು. ಆಮೇಲೆ ನನಗೆ ಗೊತ್ತಾಯಿತು. ಸಿದ್ದಯ್ಯನವರು ಸಂತೆಮರಹಳ್ಳಿ ಕಡೆಯ ಒಂದು ಹಳ್ಳಿಯ ಹೊಲೆಯರ ಕೇರಿಯಲ್ಲಿ ಹುಟ್ಟಿದವರು. ಓದಿ, ಪರೀಕ್ಷೆ ಕಟ್ಟಿ ಮೇಲೆ ಬಂದವರು.

ಯಾರೂ ಕೆಟ್ಟ ಮಾತಾಡಲಿಲ್ಲ. ಕಾನೂನು ಇತ್ತು, ಎದುರಿಗಿದ್ದವರು ಅಧಿಕಾರಿ. ಎಲ್ಲರೂ ನಗುನಗುತ್ತಲೇ ಇದ್ದರು. ಒಬ್ಬರಿಗೆ ಸೋಮವಾರದ ಉಪವಾಸ ನೆನಪಾಯಿತು. ಒಬ್ಬರಿಗೆ ಬೆಳಿಗ್ಗೆಯಿಂದ ಹೊಟ್ಟೆ ಸರಿಯಿರಲಿಲ್ಲ. ಇನ್ನೊಬ್ಬರ ಮನೆಗೆ ನೆಂಟರು ಬಂದಿದ್ದರು. ಸಾಹುಕಾರರು, "ತಾವು ಊಟ ಮಾಡಿ ದಣಿವಾರಿಸ್ಕೊಳ್ಳಿ ಸ್ವಾಮಿ, ಸಂಜೆ ಬಂದು ಕಾಣ್ತೀವಿ" ಎಂದು ಕೈಮುಗಿದರು. ಐದು ನಿಮಿಷದಲ್ಲಿ ವರಾಂಡ ಖಾಲಿಯಾಯಿತು. ಮರದ ಕೆಳಗಿದ್ದ ಅಡುಗೆಯವನೂ ಹೆಗಲಿಗೆ ಟವಲು ಹಾಕಿಕೊಂಡು ಹೊರಟ. ಸಾಹುಕಾರರ ಅಂಗಡಿಯ ಲೆಕ್ಕದವನೊಬ್ಬ ಮಾತ್ರ ಪಾತ್ರೆ ಕಾಯಲೆಂದು ಕಿಟಕಿಯ ಹೊರಗೆ ಉಳಿದ.

ಸಿದ್ದಯ್ಯನವರು ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಕೈಕಾಲು ತೊಳೆದು ಹಜಾರಕ್ಕೆ ಬಂದರು. ಹನ್ನೆರಡು ಎಲೆಗಳನ್ನೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ ನಡುವಿನ ಒಂದು ಎಲೆಯ ಮುಂದೆ ಕೂತರು. ನಾನು ಅನ್ನ ಬಡಿಸಿದೆ, ತುಪ್ಪ ಹಾಕಿದೆ. ಅವರು ಕಲಸಲಿಲ್ಲ.

"ಇಷ್ಟೊಂದು ಅಡುಗೆ ಹಾಳಾಗುತ್ತಲ್ಲಪ್ಪ" ಎಂದರು. "ನಿನ್ನ ಹೆಸರೇನು?"

"ಮಾದೇವ, ಬುದ್ದಿ."

"ಊಟ ಆಗಿದೆಯಾ ನಿನಗೆ?"

"ಇಲ್ಲ ಬುದ್ದಿ."

"ಹಂಗಾದ್ರೆ ಬಾ, ಕೂತ್ಕೊ. ಒಬ್ಬನೇ ಉಂಡು ನನಗೆ ಅಭ್ಯಾಸ ಇದೆ. ಆದರೆ ಇವತ್ತು ಬೇಡ ಅನ್ನಿಸ್ತಿದೆ."

ಕಿಟಕಿಯ ಹೊರಗೆ ಲೆಕ್ಕದವನು ನಿಂತಿದ್ದು ನನಗೆ ಕಾಣುತ್ತಿತ್ತು. ಹಣೆಯ ಮೇಲೆ ವಿಭೂತಿ ಒಣಗಿ ಬಿಗಿಯುತ್ತಿತ್ತು. ನಾನು ನೆಲ ನೋಡುತ್ತಾ ಹೇಳಿದೆ: "ಬಡಿಸೋರು ಕೂರಂಗಿಲ್ಲ ಬುದ್ದಿ. ಇಲ್ಲಿ ಹಂಗ ಕಟ್ಟಳ. ನಮ್ಮ ಬಟ್ಲರ್‌ದು."

ಹೇಳಿದ ಮಾತು ಸುಳ್ಳಲ್ಲ. ಆದರೆ ನಾನು ಕೂರದಿದ್ದದ್ದು ಅದಕ್ಕಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಾಯಿತು. ಅವರು ನನ್ನ ಹಣೆಯನ್ನೊಮ್ಮೆ ನೋಡಿದರು. ಸಿಟ್ಟು ಮಾಡಲಿಲ್ಲ. "ಸರಿ ಬಿಡಪ್ಪ" ಎಂದರು.

ಬಾಗಿಲಲ್ಲಿ ನಿಂತಿದ್ದ ಅಂತೋಣಿ ಒಳಗೆ ಬಂದರು.

"ಸಾರ್, ಕಟ್ಟಳೆ ನಾನು ಮಾಡಿದ್ದು. ಇವತ್ತು ಒಂದಿನ ನಾನೇ ಬಿಡ್ತೀನಿ. ನಾನು ಕೂರಬಹುದಾ?"

"ಬನ್ನಿ, ಕೂತ್ಕೊಳ್ಳಿ" ಎಂದರು ಸಿದ್ದಯ್ಯನವರು. ಎಡಪಕ್ಕದ ಮಣೆಯನ್ನು ತಾವೇ ಹತ್ತಿರಕ್ಕೆ ಎಳೆದರು.

ಅಂತೋಣಿ ಬಿಳಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಒಳಗಿನ ಬನಿಯನ್ನು ಎರಡು ಕಡೆ ಹರಿದಿತ್ತು. ಅಷ್ಟು ವರ್ಷದಲ್ಲಿ ಅವರನ್ನು ಕೋಟಿಲ್ಲದೆ ನಾನು ನೋಡಿರಲಿಲ್ಲ. ನೆಲದ ಮೇಲೆ ಕೂತು ರೂಢಿಯಿರಲಿಲ್ಲ, ಮಂಡಿ ನೋವು ಬೇರೆ. ಕಷ್ಟಪಟ್ಟು ಕಾಲು ಮಡಿಸಿದರು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಇಬ್ಬರಿಗೂ ಬಡಿಸಿದೆ. ಹುಳಿಗೆ ಉಪ್ಪು ಸಾಲದು ಎಂದು ಅಂತೋಣಿ ಹೇಳಿದರು, ಹೌದು ಎಂದರು ಸಿದ್ದಯ್ಯ. ಒಬ್ಬಟ್ಟನ್ನು ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು. ಉಳಿದ ಹತ್ತು ಎಲೆಗಳ ಮೇಲೆ ನೊಣ ಕೂರತೊಡಗಿತ್ತು.

ಹದಿನೈದು ದಿನದೊಳಗೆ ಬಂಗಲೆಯ ಮೇಲ್ವಿಚಾರಣೆ ನೋಡುತ್ತಿದ್ದ ಮೇಲಿನವರು ಬಂದರು. ಬಟ್ಲರ್ ಒಬ್ಬ ಅಧಿಕಾರಿಯ ಪಕ್ಕದಲ್ಲಿ ಬನಿಯನ್ನಿನಲ್ಲಿ ಕೂತು ಊಟ ಮಾಡಿ ಅವರಿಗೆ ಅವಮರ್ಯಾದೆ ಮಾಡಿದ್ದಾನೆ ಎಂದು ಅರ್ಜಿ ಹೋಗಿತ್ತು. ಕೆಳಗೆ ಯಾರ ಹೆಸರೂ ಇರಲಿಲ್ಲವಂತೆ. ಅಂತೋಣಿಯನ್ನು ಹೊರಗೆ ನಿಲ್ಲಿಸಿ ನನ್ನನ್ನು ಒಳಗೆ ಕರೆದರು.

"ಅವನು ಸಾಹೇಬರ ಪಕ್ಕ ಕೂತಿದ್ದು ನಿಜವೇನಯ್ಯ?"

"ನಿಜ ಸ್ವಾಮಿ."

"ಕೋಟು ತೆಗೆದು?"

"ಹೌದು ಸ್ವಾಮಿ."

ಬರೆದುಕೊಂಡರು. ನಾನು ಅಕ್ಷರ ಕಲಿತದ್ದು ಆಮೇಲೆ, ಅವತ್ತು ಹೆಬ್ಬೆಟ್ಟು ಒತ್ತಿದೆ. ಸಾಹೇಬರೇ "ಬನ್ನಿ, ಕೂತ್ಕೊಳ್ಳಿ" ಎಂದರು ಎಂಬ ಮಾತನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಬಾಯಿಯವರೆಗೆ ಬಂದಿತ್ತು. ಹೇಳಿದ್ದರೆ ಅವರು ಬರೆದುಕೊಳ್ಳುತ್ತಿದ್ದರೋ ಇಲ್ಲವೋ, ಗೊತ್ತಿಲ್ಲ. ಆದರೆ ಸಾಹುಕಾರರ ಮಾತಿನ ಮೇಲೆ, ಮುಂದಿನ ಸೋಮವಾರ ಕುದೇರಿಗೆ ಬರಲು ದೊಡ್ಡಪ್ಪ ನನಗೆ ಹೇಳಿಕಳಿಸಿದ್ದರು. ಆ ವಾರ ಸಾಹುಕಾರರ ಮನಸ್ಸು ಕೆಡಿಸುವ ಯಾವ ಮಾತೂ ನನ್ನ ಬಾಯಿಂದ ಬರುವುದು ನನಗೆ ಬೇಕಿರಲಿಲ್ಲ.

ಅಂತೋಣಿಯನ್ನು ಕೆಲಸದಿಂದ ತೆಗೆದರು. ಅವರು ಒಂದು ತಗಡಿನ ಪೆಟ್ಟಿಗೆ ಹಿಡಿದು ಊಟಿ ಬಸ್ಸಿಗೆ ಕಾದು ನಿಂತಾಗ ನಾನು ಜೊತೆಯಲ್ಲಿ ಹೋದೆ. ಅವರು ಅಡುಗೆಮನೆಯ ಬೀಗದ ಕೈ ನನಗೆ ಕೊಟ್ಟರು. "ಕೇಕ್ ಮಾಡುವಾಗ ಒಲೆ ಬಾಗಿಲು ತೆಗೆದು ತೆಗೆದು ನೋಡ್ಬೇಡ ತಂಬಿ, ಕೂತುಬಿಡುತ್ತೆ" ಎಂದರು. ಬಸ್ಸು ಬಂತು.

ಕುದೇರಿನಲ್ಲಿ ಮಠದ ಅಯ್ಯನವರು ನನ್ನ ಹಣೆಗೆ ವಿಭೂತಿ ಹಚ್ಚಿ ತೀರ್ಥ ಕೊಟ್ಟರು. ನಡುಮನೆಯಲ್ಲಿ ಸಾಲು ಹಾಕಿದ್ದರು. ದೊಡ್ಡಪ್ಪ ನನ್ನನ್ನು ತಮ್ಮ ಪಕ್ಕಕ್ಕೇ ಕೂರಿಸಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಮ್ ಹೈದ ಕಣ್ರಪ್ಪ. ಅಷ್ಟ್ ದೊಡ್ ಆಫೀಸರ್ ಕೈ ಹಿಡ್ದು ಕರದ್ರೂ ಪಕ್ಕದಲ್ ಕೂರ್ನಿಲ್ಲವಂತ. ಕುಲ ಉಳಿಸ್ಬುಟ್ಟ."

ಸಾಲಿನಲ್ಲಿದ್ದವರು ತಲೆದೂಗಿದರು. ಅಣ್ಣ ನನ್ನ ಬೆನ್ನು ತಟ್ಟಿದ. ಹಾಗಾದರೆ ನನಗೆ ಈ ಎಲೆ ಬಿದ್ದದ್ದು ಬಡಿಸಿದ್ದಕ್ಕಲ್ಲ, ಕೂರದೇ ಇದ್ದದ್ದಕ್ಕೆ. ಅವ್ವ ಹೊಸ ಸೀರೆ ಉಟ್ಟಿದ್ದಳು. ಮೂಳೆ ಚರ್ಮ ಒಂದಾಗಿದ್ದಳು. ಬೇರೆ ಯಾರಿಗೂ ಪಾತ್ರೆ ಮುಟ್ಟಲು ಕೊಡದೆ ಅವಳೇ ಬಡಿಸಿದಳು. ಬಗ್ಗಿ, ನನ್ನ ಎಲೆಯ ಹತ್ತಿರಕ್ಕೆ ಮುಖ ತಂದು, "ಉಣ್ಣು ಕೂಸು, ಹೊಟ್ಟ ತುಂಬ ಉಣ್ಣು" ಎಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಚಿಕ್ಕವನಾಗಿದ್ದಾಗ ಯಾವಾಗಲೋ ನೋಡಿದ್ದೆ. ಒಂದೊಂದು ತುತ್ತನ್ನೂ ನೀರು ಕುಡಿದು ಕುಡಿದು ನುಂಗಿದೆ. ಬಡಿಸಿದ್ದರಲ್ಲಿ ಒಂದಗುಳು ಬಿಡಲಿಲ್ಲ. ಅವಳು ಎರಡು ತಿಂಗಳಿಗೆ ಹೋಗಿಬಿಟ್ಟಳು.

ಬಟ್ಲರ್ ಕೆಲಸ ನನಗೆ ಬಂತು. ಸೀಮೆಎಣ್ಣೆ ಸ್ಟೌ ಬಂತು, ಪಿಂಗಾಣಿಯ ಹೊಸ ತಟ್ಟೆಗಳು ಬಂದವು. ಅಡುಗೆಯವರನ್ನು ಜೊತೆಗೆ ತರುವ ಅಧಿಕಾರಿಗಳು ಬರಬರುತ್ತ ಕಡಿಮೆಯಾದರು. ನಾನು ಎರಡು ಸಲ ಘಟ್ಟ ಹತ್ತಿ ಊಟಿ, ಕೂನೂರುಗಳಲ್ಲಿ ಅಂತೋಣಿಯನ್ನು ಹುಡುಕಿದೆ. ಅವರಿದ್ದ ಕ್ಲಬ್ಬಿನಲ್ಲಿ ಈಗಿನವರಿಗೆ ಅವರ ಗುರುತೇ ಇರಲಿಲ್ಲ. ಇಗರ್ಜಿಯೊಂದರ ಹತ್ತಿರ ಕಾಫಿ ಅಂಗಡಿಯವನು, ಆ ಥರದ ಒಬ್ಬ ಮುದುಕ ಬರುತ್ತಿದ್ದ, ಈಗ ಬರುತ್ತಿಲ್ಲ ಎಂದ. ಅಷ್ಟೇ ಗೊತ್ತಾದದ್ದು.

ಸಿದ್ದಯ್ಯನವರು ಮತ್ತೆ ಊಟಕ್ಕೆ ಉಳಿದದ್ದು ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಗುವ ಮುಂಚೆ. ಮಧ್ಯೆ ಬಂದಾಗಲೆಲ್ಲ ಕೆಲಸ ಮುಗಿಸಿ ಊಟಕ್ಕೆ ನಿಲ್ಲದೆ ಹೋಗುತ್ತಿದ್ದರು. ಆ ದಿನ ಮಳೆ ಬಂದು ಚಾಮರಾಜನಗರದ ರಸ್ತೆಯಲ್ಲಿ ಹಳ್ಳ ತುಂಬಿತ್ತು. ಮಧ್ಯಾಹ್ನಕ್ಕೆ ಇಲ್ಲೇ ಉಳಿಯಬೇಕಾಯಿತು. ಅನ್ನ, ಹುರುಳಿಕಾಳಿನ ಸಾರು, ಹಪ್ಪಳ ಮಾಡಿದೆ. ಹಜಾರದಲ್ಲಿ ಎರಡು ಎಲೆ ಹಾಕಿದೆ. ಅವರು ಬಂದು ನೋಡಿ, "ಇನ್ನೂ ಯಾರಾದ್ರೂ ಬರ್ತಾರಾ?" ಎಂದರು.

"ಅದು ನಂಗ ಬುದ್ದಿ. ತಾವು ಒಪ್ಪಿದ್ರ."

ಅವರು ಎರಡೂ ಎಲೆಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಕೂತರು. ನಾನೂ ಇಬ್ಬರ ಎಲೆಗೂ ಅನ್ನ ಹಾಕಿ, ಅವರ ಎಲೆಗೆ ಸಾರು ಬಡಿಸಿ, ಕೋಟು ತೆಗೆದಿಟ್ಟು ಪಕ್ಕದಲ್ಲಿ ಕೂತೆ. ಅವರು ಕಲಸಿ ಎರಡು ತುತ್ತು ಉಂಡರು.

"ಚೆನ್ನಾಗಿದೆ ಕಣಪ್ಪ" ಎಂದರು. "ಅವತ್ತು ನನ್ನ ಜೊತೆ ಕೂತ್ರಲ್ಲ, ಆ ದೊಡ್ಡವರು ಎಲ್ಲಿ? ಬಂದಾಗೆಲ್ಲ ಕೇಳಬೇಕು ಅಂದ್ಕೊಳ್ತಿದ್ದೆ. ರಿಟೈರಾದ್ರಾ?"

ಅವರಿಗೆ ಗೊತ್ತೇ ಇರಲಿಲ್ಲ. ಅರ್ಜಿಯಾಗಲೀ ವಿಚಾರಣೆಯಾಗಲೀ ಯಾವುದೂ ಅವರ ತನಕ ಹೋಗಿರಲಿಲ್ಲ. ಅವರ ಮರ್ಯಾದೆ ಕಾಪಾಡಿದ್ದೇವೆ ಎಂದವರು ಅವರನ್ನೊಂದು ಮಾತು ಕೇಳಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅರ್ಜಿ, ಹೆಬ್ಬೆಟ್ಟು, ನಾನು ಹೇಳದೆ ಬಿಟ್ಟ ಮಾತು, ಕುದೇರಿನ ಊಟ. ಹೇಳುತ್ತಿದ್ದಾಗ ಅವರ ಕೈಯನ್ನೇ ನೋಡುತ್ತಿದ್ದೆ. ಬೆರಳುಗಳಲ್ಲಿ ಹಿಡಿದಿದ್ದ ತುತ್ತನ್ನು ಅವರು ಮೆಲ್ಲಗೆ ಎಲೆಯ ಮೇಲೆ ವಾಪಸು ಇಟ್ಟರು. ಎದ್ದು ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಕೈ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಮಳೆಯ ಸದ್ದು ಮಾತ್ರ.

ಅವರು ಜೀಪು ತರಿಸಿ ಹೊರಟುಬಿಡುತ್ತಾರೆ, ಹೊರಟರೆ ಅದೇ ಸರಿ ಎಂದುಕೊಂಡೆ. ವಾಪಸು ಬಂದರು. ನಾನು ಇನ್ನೂ ಎಲೆಯ ಮುಂದೆ ಕೂತಿದ್ದೆ.

"ಎದ್ದೇಳಪ್ಪ" ಎಂದರು. "ಬಾಗಿಲು ತೆಗೆದಿದೆ. ರಸ್ತೇಲಿ ಹೋಗೋರು ಯಾರಾದ್ರೂ ನೋಡ್ತಾರೆ. ನನ್ನ ಪಕ್ಕ ಕೂತೋರಿಗೆ ಏನಾಗುತ್ತೆ ಅಂತ ಈಗ ತಾನೆ ನೀನೇ ಹೇಳಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೆಲಸಕ್ಕಾಗಿ ಅವರು ಹೆದರಿದ್ದರು.

"ನೋಡ್ಲಿ ಬುದ್ದಿ" ಎಂದೆ. ಏಳಲಿಲ್ಲ.

ನನ್ನ ಎಲೆಯಲ್ಲಿ ಅನ್ನ ಬಿಟ್ಟರೆ ಬೇರೇನೂ ಇರಲಿಲ್ಲ, ಅದೂ ಆರಿ ಬಿರುಸಾಗಿತ್ತು. ಅವರು ಅದನ್ನು ನೋಡಿದರು. ಮೂಲೆಯಲ್ಲಿದ್ದ ಸಾರಿನ ಪಾತ್ರೆಯನ್ನು ಎತ್ತಿಕೊಂಡು ಬಂದು, ನನ್ನ ಮುಂದೆ ಬಗ್ಗಿ, ಎರಡು ಸೌಟು ಹಾಕಿದರು. "ಉಣ್ಣು" ಎಂದರು. ನಾನು ಉಂಡು ಮುಗಿಸುವವರೆಗೂ ಅಲ್ಲೇ ನಿಂತಿದ್ದರು. ಅವರು ಮಾತ್ರ ಮತ್ತೆ ಎಲೆಯ ಮುಂದೆ ಕೂರಲಿಲ್ಲ.